ತಾಲ್ಲೂಕು ಕೋರ್ಟಿನಿಂದ ಹೈಕೋರ್ಟಿನವರೆಗೆ: ಕರ್ನಾಟಕದಲ್ಲಿ ನ್ಯಾಯಾಧೀಶರ ವೃತ್ತಿಹಾದಿ

ತಾಲ್ಲೂಕು ಕೇಂದ್ರದ ಕೋರ್ಟ್ ಆವರಣದಲ್ಲಿ ಸಾಮಾನ್ಯವಾಗಿ ಎರಡು ನಾಮಫಲಕ ಕಾಣುತ್ತವೆ. ಒಂದು ‘ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ’, ಇನ್ನೊಂದು ‘ಹಿರಿಯ ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ’. ಜೆಎಂಎಫ್‌ಸಿ ಎಂದರೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್. ಮೊದಲನೆಯ ಕೋರ್ಟನ್ನು ಹಳಬರು ಈಗಲೂ ಮುನ್ಸಿಫ್ ಕೋರ್ಟ್ ಎಂದೇ ಕರೆಯುತ್ತಾರೆ. ಜಿಲ್ಲಾ ಕೇಂದ್ರಕ್ಕೆ ಹೋದರೆ ಇವೆರಡರ ಮೇಲೆ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರು. ಜಿಲ್ಲಾ ನ್ಯಾಯಾಂಗ ಎಂದರೆ ಇಷ್ಟೇ, ಮೂರು ವೃಂದ (ಹುದ್ದೆಯ ದರ್ಜೆ). ಹೊರಗಿನಿಂದ ನೋಡಿದವರಿಗೆ ಇದು ಒಂದೊಂದೇ ಮೆಟ್ಟಿಲು ಹತ್ತುವ ಸರ್ಕಾರಿ ನೌಕರಿಯಂತೆ ತೋರುತ್ತದೆ. ಆದರೆ ಒಬ್ಬರು ಎಲ್ಲಿಯವರೆಗೆ ಹೋಗುತ್ತಾರೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಎರಡೇ ಸಂಗತಿ: ಯಾವ ಬಾಗಿಲಿನಿಂದ ಒಳಗೆ ಬಂದರು, ಬಂದಾಗ ವಯಸ್ಸೆಷ್ಟಿತ್ತು. ಕಾನೂನು ಓದುತ್ತಿರುವ ಮಕ್ಕಳಿಗೆ ಇದನ್ನು ಮೊದಲ ವರ್ಷದಲ್ಲೇ ಯಾರಾದರೂ ಬಿಡಿಸಿ ಹೇಳಬೇಕು. ಹೇಳುವವರು ಕಡಿಮೆ.

ಸಂವಿಧಾನದ 233ನೇ ವಿಧಿ ಜಿಲ್ಲಾ ನ್ಯಾಯಾಧೀಶರ ನೇಮಕದ್ದು, 234ನೇ ವಿಧಿ ಅವರಿಗಿಂತ ಕೆಳಗಿನವರ ನೇಮಕದ್ದು. ನೇಮಕದ ಆದೇಶ ರಾಜ್ಯಪಾಲರ ಹೆಸರಿನಲ್ಲಿ ಹೊರಡುತ್ತದೆ. ಆದರೆ 235ನೇ ವಿಧಿಯ ಪ್ರಕಾರ ವರ್ಗಾವಣೆ, ಬಡ್ತಿ, ರಜೆ, ಶಿಸ್ತುಕ್ರಮ ಎಲ್ಲದರ ಹಿಡಿತ ಹೈಕೋರ್ಟಿನದು. ಶಾಸಕರಾಗಲಿ ಜಿಲ್ಲಾಧಿಕಾರಿಯಾಗಲಿ ಒಬ್ಬ ಸಿವಿಲ್ ನ್ಯಾಯಾಧೀಶರನ್ನು ಎತ್ತಂಗಡಿ ಮಾಡಿಸಲು ಬರುವುದಿಲ್ಲ ಎನ್ನುವುದಕ್ಕೆ ಆಧಾರ ಈ ವಿಧಿಯೇ. ನಮ್ಮಲ್ಲಿ ಆಯ್ಕೆ ಪರೀಕ್ಷೆಯನ್ನೂ ಹೈಕೋರ್ಟೇ ನಡೆಸುತ್ತದೆ, 2004ರ ಕರ್ನಾಟಕ ನ್ಯಾಯಾಂಗ ಸೇವೆಗಳ ನೇಮಕಾತಿ ನಿಯಮಗಳ ಪ್ರಕಾರ.

ಸಿವಿಲ್ ನ್ಯಾಯಾಧೀಶ ಹುದ್ದೆಗೆ ಪ್ರವೇಶ

ಕಾನೂನು ಪದವಿ ಬೇಕು, ವಕೀಲರಾಗಿ ನೋಂದಣಿಯಾಗಿರಬೇಕು. ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 40.

ವಕೀಲಿಕೆಯ ಅನುಭವ ಬೇಕೇ ಬೇಡವೇ ಎನ್ನುವುದು ಮೂರು ದಶಕಗಳ ಜಗ್ಗಾಟ. ಮೊದಲು ಮೂರು ವರ್ಷ ಬೇಕಿತ್ತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ನೇತೃತ್ವದ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗ ಅದನ್ನು ಕೈಬಿಡಲು ಹೇಳಿತು. ಮೂರು ವರ್ಷ ವಕೀಲಿಕೆ ಮಾಡಿದ ಬುದ್ಧಿವಂತರು ಈ ಕೆಲಸಕ್ಕೆ ಬರುವುದೇ ಇಲ್ಲ ಎಂಬುದು ಕಾರಣ. 2002ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಮುಂದಿನ ಎರಡು ದಶಕಗಳಲ್ಲಿ ಕಾಲೇಜಿನಿಂದ ನೇರವಾಗಿ ಪೀಠಕ್ಕೆ ಬಂದವರಿಗೆ ಪಾಟೀಸವಾಲನ್ನು ಎಲ್ಲಿ ತಡೆಯಬೇಕು, ವಾಯಿದೆ ಕೇಳುವ ಹಿರಿಯ ವಕೀಲರಿಗೆ ಹೇಗೆ ಇಲ್ಲವೆನ್ನಬೇಕು ಎಂಬುದು ತಿಳಿಯುತ್ತಿಲ್ಲ ಎಂದು ಅನೇಕ ಹೈಕೋರ್ಟುಗಳು ದೂರಿದವು. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮೂರು ವರ್ಷದ ಷರತ್ತನ್ನು ಮರಳಿ ತಂದಿತು.

ಈ ತೀರ್ಪಿನಲ್ಲಿ ಅಭ್ಯರ್ಥಿಗಳು ಗಮನಿಸಬೇಕಾದ ವಿವರಗಳಿವೆ. ಮೂರು ವರ್ಷದ ಲೆಕ್ಕ ಶುರುವಾಗುವುದು ತಾತ್ಕಾಲಿಕ ನೋಂದಣಿಯ ದಿನದಿಂದ, ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾದ ದಿನದಿಂದಲ್ಲ. ಕನಿಷ್ಠ 10 ವರ್ಷ ಅನುಭವವಿರುವ ವಕೀಲರ ಪ್ರಮಾಣಪತ್ರ ಬೇಕು, ಅದಕ್ಕೆ ಆ ಸ್ಥಳದ ಪ್ರಧಾನ ನ್ಯಾಯಾಧಿಕಾರಿಯ ದೃಢೀಕರಣ ಬೇಕು. ನ್ಯಾಯಮೂರ್ತಿಗಳ ಬಳಿ ಕಾನೂನು ಸಹಾಯಕರಾಗಿ ದುಡಿದ ಅವಧಿಯನ್ನೂ ಎಣಿಸಬಹುದು. ಹಾಗಾಗಿ ನೋಂದಣಿಯಾದ ದಿನದಿಂದಲೇ ವಕಾಲತ್ತಿನಲ್ಲಿ ಹೆಸರು ಹಾಕಿಸಿಕೊಳ್ಳಿ, ದಿನಚರಿ ಬರೆದಿಡಿ, ಆದೇಶಗಳಲ್ಲಿ ಹೆಸರು ದಾಖಲಾದ ಪ್ರತಿಗಳನ್ನು ಜೋಪಾನ ಮಾಡಿ. ಮೂರನೆಯ ವರ್ಷದ ಕೊನೆಗೆ ಪ್ರಮಾಣಪತ್ರಕ್ಕೆ ಓಡಾಡುವಾಗ ಇವೇ ನೆರವಿಗೆ ಬರುವುದು. ಅರ್ಜಿ ಹಾಕುವ ವರ್ಷದ ಅಧಿಸೂಚನೆಯಲ್ಲಿ ಷರತ್ತು ಹೇಗಿದೆ ಎಂಬುದನ್ನೂ ಓದಿಯೇ ಮುಂದುವರಿಯಬೇಕು.

ಪೂರ್ವಭಾವಿ ಪರೀಕ್ಷೆ 100 ಅಂಕದ್ದು, ಬಹು ಆಯ್ಕೆಯದು. ಅದು ಜರಡಿ ಮಾತ್ರ, ಅದರ ಅಂಕ ಮುಂದೆ ಲೆಕ್ಕಕ್ಕಿಲ್ಲ. ಮುಖ್ಯ ಪರೀಕ್ಷೆಯಲ್ಲಿ ತಲಾ 100 ಅಂಕದ ನಾಲ್ಕು ಪತ್ರಿಕೆ: ಭಾಷಾಂತರ, ಪ್ರಕ್ರಿಯಾ ಕಾನೂನು, ಸಿವಿಲ್ ತೀರ್ಪು, ಕ್ರಿಮಿನಲ್ ತೀರ್ಪು. ಆಮೇಲೆ 100 ಅಂಕದ ಸಂದರ್ಶನ, ಜೊತೆಗೆ ಕಂಪ್ಯೂಟರ್ ಪರೀಕ್ಷೆ.

ಭಾಷಾಂತರವನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ಕ್ರಯಪತ್ರ, ಸಾಕ್ಷಿ ಹೇಳಿಕೆ, ತೀರ್ಪಿನ ಭಾಗಗಳನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ತರಬೇಕು. ಚಕ್ಕುಬಂದಿ, ಖರಾಬು, ಪೋಡಿ, ಪಾಲುಪಟ್ಟಿ, ಮ್ಯುಟೇಷನ್ ಇಂಥ ಪದ ಬಂದಾಗ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರ ಕೈ ನಿಂತುಬಿಡುತ್ತದೆ. ಹಳೆಯ ಕ್ರಯಪತ್ರಗಳನ್ನು ದಿನಕ್ಕೊಂದರಂತೆ ಓದಿದರೆ ಈ ಭಯ ಆರು ತಿಂಗಳಲ್ಲಿ ಹೋಗುತ್ತದೆ.

ಸೋಲು ಹೆಚ್ಚಾಗಿ ಆಗುವುದು ತೀರ್ಪು ಬರೆಯುವ ಪತ್ರಿಕೆಗಳಲ್ಲಿ. ಒಂದು ಮಾದರಿ ನೋಡೋಣ. ಸರ್ವೆ ನಂಬರೊಂದರ 2 ಎಕರೆ 10 ಗುಂಟೆ ಜಮೀನು ತನ್ನ ಸ್ವಾಧೀನದಲ್ಲಿದೆ, ಪಕ್ಕದವನು ಅಡ್ಡಿಪಡಿಸುತ್ತಿದ್ದಾನೆ, ಶಾಶ್ವತ ನಿರ್ಬಂಧಕಾಜ್ಞೆ ಬೇಕು ಎಂದು ವಾದಿ ಕೇಳುತ್ತಾನೆ. ಇಲ್ಲಿ ವಿವಾದಾಂಶ, ಅಂದರೆ ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆ, ನಾಲ್ಕೇ. ದಾವೆ ಹೂಡಿದ ದಿನ ತಾನು ಕಾನೂನುಬದ್ಧ ಸ್ವಾಧೀನದಲ್ಲಿದ್ದೆನೆಂದು ವಾದಿ ರುಜುವಾತುಪಡಿಸುವನೇ? ಪ್ರತಿವಾದಿ ಅಡ್ಡಿಪಡಿಸಿದನೆಂದು ರುಜುವಾತುಪಡಿಸುವನೇ? ಕೇಳಿದ ಪರಿಹಾರಕ್ಕೆ ವಾದಿ ಅರ್ಹನೇ? ಏನು ಆದೇಶ ಅಥವಾ ಡಿಕ್ರಿ? ಅಭ್ಯರ್ಥಿಗಳು ಮಾಡುವ ತಪ್ಪೆಂದರೆ, ಹಕ್ಕಿನ ಬಗ್ಗೆ ವಾದಪತ್ರದಲ್ಲಾಗಲಿ ಪ್ರತಿವಾದದಲ್ಲಾಗಲಿ ಗಂಭೀರ ವಿವಾದವೇ ಇಲ್ಲದಿದ್ದರೂ ಮೊದಲ ವಿವಾದಾಂಶವಾಗಿ ಮಾಲೀಕತ್ವವನ್ನು ಎಳೆದು ತರುವುದು. ಬರೀ ನಿರ್ಬಂಧಕಾಜ್ಞೆಯ ದಾವೆಯಲ್ಲಿ ಹಕ್ಕಿನ ಪ್ರಶ್ನೆಗೆ ಯಾವಾಗ ಇಳಿಯಬಹುದು ಎಂಬುದನ್ನು ಸುಪ್ರೀಂ ಕೋರ್ಟ್ 2008ರ ಅನಾತುಲ ಸುಧಾಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮೊದಲ ವಿವಾದಾಂಶ ತಪ್ಪಿದರೆ ಹತ್ತು ಪುಟದ ತೀರ್ಪು ಎಷ್ಟೇ ಚೆನ್ನಾಗಿದ್ದರೂ ಅದು ಬೇರೆ ಯಾವುದೋ ದಾವೆಯ ತೀರ್ಪಾಗುತ್ತದೆ.

ಕ್ರಿಮಿನಲ್ ಪತ್ರಿಕೆಯಲ್ಲಿ ಅಂಥದೇ ತಪ್ಪು ದೋಷಾರೋಪಣೆಯಲ್ಲಿ. ಎರಡು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಾರಂಟ್ ಪ್ರಕರಣ, ಅಲ್ಲಿ ಲಿಖಿತ ದೋಷಾರೋಪ ಬೇಕು. ಎರಡು ವರ್ಷ ಅಥವಾ ಅದಕ್ಕಿಂತ ಕಡಿಮೆಯಾದರೆ ಸಮನ್ಸ್ ಪ್ರಕರಣ, ಆಪಾದನೆಯ ಸಾರಾಂಶ ಹೇಳಿ ಆರೋಪಿಯ ಉತ್ತರ ಬರೆದುಕೊಂಡರೆ ಸಾಕು. ಕೈಯಿಂದ ಹೊಡೆದ ಸಾಮಾನ್ಯ ಗಾಯ ಭಾರತೀಯ ನ್ಯಾಯ ಸಂಹಿತೆಯ 115(2)ರಡಿ ಸಮನ್ಸ್ ಪ್ರಕರಣ. ಅದೇ ಗಾಯ ಮಚ್ಚಿನಿಂದ ಆಗಿದ್ದರೆ 118(1)ರಡಿ ವಾರಂಟ್ ಪ್ರಕರಣ.

ತಾಲ್ಲೂಕಿನ ಪೀಠ

ಆಯ್ಕೆಯಾದವರು ಪ್ರೊಬೇಷನರಿಯಾಗಿ ಬೆಂಗಳೂರಿನ ಕ್ರೆಸೆಂಟ್ ರಸ್ತೆಯ ಕರ್ನಾಟಕ ನ್ಯಾಯಾಂಗ ಅಕಾಡೆಮಿಗೆ ಸೇರುತ್ತಾರೆ. ಸ್ವತಂತ್ರವಾಗಿ ಪೀಠದಲ್ಲಿ ಕೂರುವ ಮುನ್ನ ಕನಿಷ್ಠ ಒಂದು ವರ್ಷ ತರಬೇತಿ ಆಗಿರಲೇಬೇಕು ಎಂದು 2025ರ ತೀರ್ಪು ಹೇಳಿದೆ. ಎರಡನೇ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಶ್ರೇಣಿಯಲ್ಲಿ ಆರಂಭದ ಮೂಲವೇತನ 77,840 ರೂಪಾಯಿ.

ಸಿವಿಲ್ ಕಡೆ ಇವರ ಹಣಕಾಸು ವ್ಯಾಪ್ತಿ 5 ಲಕ್ಷ ರೂಪಾಯಿವರೆಗಿನ ದಾವೆಗಳು. ಚಿಕ್ಕ ಮೊತ್ತ ಎನಿಸಬಹುದು. ಆದರೆ ಕರ್ನಾಟಕ ಕೋರ್ಟ್ ಶುಲ್ಕ ಮತ್ತು ದಾವೆ ಮೌಲ್ಯಮಾಪನ ಕಾಯ್ದೆಯಲ್ಲಿ ಹಲವು ಬಗೆಯ ದಾವೆಗಳಿಗೆ ಕೃಷಿ ಜಮೀನಿನ ಬೆಲೆಯನ್ನು ಕಂದಾಯದ 25 ಪಟ್ಟು ಎಂದು ಹಿಡಿಯುತ್ತಾರೆ. ಕಂದಾಯ ವರ್ಷಕ್ಕೆ ಕೆಲವೇ ರೂಪಾಯಿ. ಹೀಗಾಗಿ ಇಂದು ಎಕರೆಗೆ ಕೋಟಿ ಬಾಳುವ ಜಮೀನಿನ ಪಾಲು ವಿಭಾಗದ ದಾವೆಯೂ, ಕಾಗದದಲ್ಲಿ ಕೆಲವು ಸಾವಿರದ ದಾವೆಯಾಗಿ, 29 ವರ್ಷದ ಸಿವಿಲ್ ನ್ಯಾಯಾಧೀಶರ ಮುಂದೆ ಬರುತ್ತದೆ. ‘ಕಿರಿಯ’ ಕೋರ್ಟ್ ಎಂದು ಕಡೆಗಣಿಸುವವರು ಇದನ್ನು ಗಮನಿಸಬೇಕು. ಒಂದು ಕುಟುಂಬದ ಮೂರು ತಲೆಮಾರಿನ ಬದುಕು ಇಲ್ಲಿ ತೀರ್ಮಾನವಾಗುತ್ತದೆ.

ಮ್ಯಾಜಿಸ್ಟ್ರೇಟರಾಗಿ ಅವರು ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿವರೆಗೆ ದಂಡ ಅಥವಾ ಸಮುದಾಯ ಸೇವೆಯ ಶಿಕ್ಷೆ ಕೊಡಬಹುದು. ಆದರೆ ಮ್ಯಾಜಿಸ್ಟ್ರೇಟರ ನಿಜವಾದ ಅಧಿಕಾರ ಶಿಕ್ಷೆಯಲ್ಲಿಲ್ಲ, ರಿಮಾಂಡಿನಲ್ಲಿದೆ, ಅಂದರೆ ಬಂಧಿತರನ್ನು ಬಂಧನದಲ್ಲೇ ಮುಂದುವರಿಸಬೇಕೇ ಎಂಬ ತೀರ್ಮಾನದಲ್ಲಿ. ಬಂಧಿತರನ್ನು ಪೊಲೀಸರು 24 ಗಂಟೆಯೊಳಗೆ ಹಾಜರುಪಡಿಸಬೇಕು. ಯುಗಾದಿಯಾಗಲಿ, ಭಾನುವಾರ ರಾತ್ರಿಯಾಗಲಿ, ವಸತಿಗೃಹದ ಬಾಗಿಲಿಗೇ ಕರೆತರುತ್ತಾರೆ. ಆಗ ನ್ಯಾಯಾಧೀಶರು ಆರೋಪಿಯನ್ನು ಹತ್ತಿರ ಕರೆದು ಮಾತನಾಡಿಸಬೇಕು. ಯಾವಾಗ ಹಿಡಿದರು, ಏಕೆ ಹಿಡಿದರು ಎಂದು ಹೇಳಿದ್ದಾರೆಯೇ, ಮನೆಯವರಿಗೆ ತಿಳಿಸಿದ್ದಾರೆಯೇ, ಹೊಡೆದಿದ್ದಾರೆಯೇ, ವಕೀಲರು ಇದ್ದಾರೆಯೇ? ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಬಂಧನವೇ ಏಕೆ ಬೇಕಾಯಿತು ಎಂಬ ಕಾರಣಪಟ್ಟಿಯನ್ನು ತನಿಖಾಧಿಕಾರಿ ಕೊಡಬೇಕು, 2014ರ ಅರ್ನೇಶ್ ಕುಮಾರ್ ತೀರ್ಪಿನ ಪ್ರಕಾರ. ಪೊಲೀಸರು ತಂದ ಅಚ್ಚುಹಾಕಿದ ಅರ್ಜಿಯ ಕೆಳಗೆ ‘14 ದಿನ ನ್ಯಾಯಾಂಗ ಬಂಧನ’ ಎಂದು ಬರೆದು ಸಹಿ ಹಾಕುವುದು ಸುಲಭ. ಹಾಗೆ ಮಾಡಿದ ದಿನ ಮ್ಯಾಜಿಸ್ಟ್ರೇಟರ ಕೆಲಸ ಆಗಲಿಲ್ಲ ಎಂದೇ ಅರ್ಥ. ತನಿಖೆ 60 ದಿನದಲ್ಲಿ, 10 ವರ್ಷ ಅಥವಾ ಅದಕ್ಕೂ ಮೇಲಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನದಲ್ಲಿ ಮುಗಿದು ದೋಷಾರೋಪಪಟ್ಟಿ ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಈ ದಿನಗಳ ಎಣಿಕೆಯಲ್ಲಿ ಒಂದು ದಿನ ತಪ್ಪಿದರೂ ಒಬ್ಬ ಮನುಷ್ಯ ಕಾರಣವಿಲ್ಲದೆ ಜೈಲಿನಲ್ಲಿ ಕೊಳೆಯುತ್ತಾನೆ.

ಬಡ್ತಿಗೆ ತೂಗುವುದೇನು?

ಪ್ರತಿ ಪ್ರಕರಣದ ವಿಲೇವಾರಿಗೆ ಇಷ್ಟು ಎಂದು ಹೈಕೋರ್ಟ್ ‘ಯೂನಿಟ್’ (ಕೆಲಸದ ಅಂಕ) ನಿಗದಿಪಡಿಸಿದೆ. ಸಾಕ್ಷಿ ವಿಚಾರಣೆ ನಡೆದು ಗುಣಾವಗುಣದ ಮೇಲೆ ತೀರ್ಮಾನವಾದ ದಾವೆಗೆ ಹೆಚ್ಚು ಯೂನಿಟ್, ವಜಾ ಆದದ್ದಕ್ಕೆ ಕಡಿಮೆ. ಇದರ ಜೊತೆಗೆ ಪ್ರಧಾನ ಜಿಲ್ಲಾ ನ್ಯಾಯಾಧೀಶರು ಬರೆಯುವ ವಾರ್ಷಿಕ ಗೋಪ್ಯ ವರದಿ, ತೀರ್ಪುಗಳ ಗುಣಮಟ್ಟ, ದೂರುಗಳಿದ್ದರೆ ಜಾಗೃತ ವಿಭಾಗದ ವರದಿ, ಇವೆಲ್ಲ ಬಡ್ತಿಯ ಕಡತಕ್ಕೆ ಸೇರುತ್ತವೆ.

ಯೂನಿಟ್ ಪದ್ಧತಿಯ ದೋಷ ಕೋರ್ಟಿನ ಒಳಗಿರುವ ಎಲ್ಲರಿಗೂ ಗೊತ್ತು. ಇಪ್ಪತ್ತು ಪ್ರತಿವಾದಿಗಳಿರುವ ಹಳೆಯ ಪಾಲಿನ ದಾವೆಯೊಂದನ್ನು ತೆಗೆದುಕೊಳ್ಳಿ. ಎರಡು ವರ್ಷಕ್ಕೊಬ್ಬ ಪ್ರತಿವಾದಿ ತೀರಿಕೊಳ್ಳುತ್ತಾನೆ. 90 ದಿನದೊಳಗೆ ವಾರಸುದಾರರನ್ನು ದಾಖಲೆಗೆ ತರಬೇಕು, ತರದಿದ್ದರೆ ಅವನ ಮಟ್ಟಿಗೆ ದಾವೆ ಅಳಿಯುತ್ತದೆ, ಅದನ್ನು ರದ್ದುಪಡಿಸಲು ಮತ್ತೆ 60 ದಿನದೊಳಗೆ ಅರ್ಜಿ, ವಿಳಂಬ ಮನ್ನಾಕ್ಕೆ ಇನ್ನೊಂದು ಅರ್ಜಿ, ಹೊಸ ವಾರಸುದಾರರಿಗೆ ಸಮನ್ಸ್. ಅಷ್ಟರಲ್ಲಿ ನ್ಯಾಯಾಧೀಶರ ಮೂರು ವರ್ಷದ ಅವಧಿ ಮುಗಿದು ಬೇಸಿಗೆ ರಜೆಯ ಹೊತ್ತಿಗೆ ವರ್ಗಾವಣೆ. ಸಾಕ್ಷಿಯ ಮುಖ ನೋಡಿದವರು ಒಬ್ಬರು, ತೀರ್ಪು ಬರೆಯುವವರು ಇನ್ನೊಬ್ಬರು. ಚೆಕ್ ಬೌನ್ಸ್ ಪ್ರಕರಣಗಳನ್ನು ಬೇಗ ಮುಗಿಸಿ ಯೂನಿಟ್ ಗಳಿಸುವುದು ಇದಕ್ಕಿಂತ ಹಗುರ. ಹಳೆಯ ದಾವೆಯನ್ನೇ ಕೈಗೆತ್ತಿಕೊಂಡು ಮುಗಿಸುವ ನ್ಯಾಯಾಧೀಶರನ್ನು ವ್ಯವಸ್ಥೆ ಇನ್ನೂ ಹೆಚ್ಚು ಗೌರವಿಸಬೇಕು.

ತಪ್ಪು ಆದೇಶ ಕೊಟ್ಟರೆ ಕೆಲಸ ಹೋಗುತ್ತದೆ ಎಂಬ ಭಯ ಹೊಸಬರಲ್ಲಿ ಇರುತ್ತದೆ. ಅದರಿಂದಲೇ ಕೆಲವರು ಜಾಮೀನು ಕೊಡಲು ಹಿಂಜರಿಯುತ್ತಾರೆ. ಆದೇಶ ತಪ್ಪಾದ ಮಾತ್ರಕ್ಕೆ ಶಿಸ್ತುಕ್ರಮ ಸಲ್ಲದು, ದುರುದ್ದೇಶ ಅಥವಾ ಹೊರಗಿನ ಪ್ರಭಾವ ಇರಬೇಕು ಎಂದು ಸುಪ್ರೀಂ ಕೋರ್ಟ್ 2019ರ ಕೃಷ್ಣ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಹೇಳಿದೆ. ತಪ್ಪನ್ನು ತಿದ್ದಲು ಮೇಲ್ಮನವಿ ಇದೆ.

ಹಿರಿಯ ಸಿವಿಲ್ ನ್ಯಾಯಾಧೀಶರು

ಇದು ಮುಖ್ಯವಾಗಿ ಬಡ್ತಿಯ ಹುದ್ದೆ. 2025ರ ತೀರ್ಪಿನ ನಂತರ ಶೇ 10ರಷ್ಟು ಹುದ್ದೆಗಳಿಗೆ, ಮೂರು ವರ್ಷ ಸೇವೆ ಪೂರೈಸಿದ ಸಿವಿಲ್ ನ್ಯಾಯಾಧೀಶರು ಇಲಾಖಾ ಸ್ಪರ್ಧಾತ್ಮಕ ಪರೀಕ್ಷೆ ಬರೆದು ಬೇಗ ಬರಬಹುದು. ಮೂಲವೇತನ 1,11,000ದಿಂದ ಶುರು. ಸಿವಿಲ್ ದಾವೆಗೆ ಇಲ್ಲಿ ಮೊತ್ತದ ಮೇಲ್ಮಿತಿಯಿಲ್ಲ. ಕೆಳಗಿನ ಕೋರ್ಟಿನ ತೀರ್ಪುಗಳ ಮೇಲ್ಮನವಿಯೂ ಬರುತ್ತದೆ. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರು ಈ ವೃಂದದವರೇ, ಅವರು ಏಳು ವರ್ಷದವರೆಗೆ ಶಿಕ್ಷೆ ಕೊಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿ ಹುದ್ದೆಯೂ ಇವರಿಗೆ ಸಿಗುತ್ತದೆ.

ಇವರ ಮೇಜಿನ ದೊಡ್ಡ ಹೊರೆ ಮೋಟಾರು ಅಪಘಾತ ಪರಿಹಾರದ್ದು. ಸೂತ್ರ ನಿಗದಿತ, ತಪ್ಪು ಮಾತ್ರ ಪದೇ ಪದೇ. ಅಪಘಾತದಲ್ಲಿ ತೀರಿಕೊಂಡವರು 34 ವರ್ಷದ ಗಾರೆ ಕೆಲಸದವರು, ತಿಂಗಳ ಸಂಪಾದನೆ 15,000, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಂದುಕೊಳ್ಳಿ. 40 ವರ್ಷದೊಳಗಿನ ಸ್ವಯಂ ಉದ್ಯೋಗಿಗೆ ಮುಂದಿನ ಗಳಿಕೆಯ ಸಾಧ್ಯತೆಗೆಂದು ಶೇ 40 ಸೇರಿಸಿದರೆ 21,000. ಅವಲಂಬಿತರು ನಾಲ್ವರಾದ್ದರಿಂದ ಸ್ವಂತ ಖರ್ಚಿಗೆ ನಾಲ್ಕನೇ ಒಂದು ಭಾಗ ಕಳೆದರೆ 15,750. ವರ್ಷಕ್ಕೆ 1,89,000. 31ರಿಂದ 35ರ ವಯಸ್ಸಿಗೆ ಗುಣಕ (ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ) 16. ಅವಲಂಬನೆಯ ನಷ್ಟ 30,24,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ಮುಂತಾದ ಬಾಬ್ತುಗಳು. ತಾಯಿಯನ್ನು ಅವಲಂಬಿತರ ಲೆಕ್ಕದಿಂದ ಬಿಟ್ಟರೆ ಕಡಿತ ಮೂರನೇ ಒಂದು ಭಾಗವಾಗಿ, ಮೊತ್ತ 26,88,000ಕ್ಕೆ ಇಳಿಯುತ್ತದೆ. ಒಂದೇ ಸಾಲಿನ ವ್ಯತ್ಯಾಸಕ್ಕೆ ಆ ಮನೆ 3,36,000 ಕಳೆದುಕೊಳ್ಳುತ್ತದೆ. ಮೇಲ್ಮನವಿಗೆ ಬೆಂಗಳೂರಿಗೋ ಧಾರವಾಡಕ್ಕೋ ಕಲಬುರಗಿಗೋ ಅಲೆಯುವ ತ್ರಾಣ ಅವರಿಗಿರುವುದಿಲ್ಲ.

ಜಿಲ್ಲಾ ನ್ಯಾಯಾಧೀಶ ಹುದ್ದೆಗೆ ಮೂರು ದಾರಿ

ಶೇ 50 ಹುದ್ದೆ ಹಿರಿಯ ಸಿವಿಲ್ ನ್ಯಾಯಾಧೀಶರ ಸಾಮಾನ್ಯ ಬಡ್ತಿಗೆ, ಅದಕ್ಕೂ ಅರ್ಹತೆಯ ಪರಿಶೀಲನೆ ಇದೆ. ಶೇ 25 ಅವರೊಳಗೇ ನಡೆಯುವ ಸೀಮಿತ ಇಲಾಖಾ ಸ್ಪರ್ಧಾತ್ಮಕ ಪರೀಕ್ಷೆಗೆ. ಉಳಿದ ಶೇ 25 ನೇರ ನೇಮಕಾತಿಗೆ. ಈ ಅನುಪಾತ 2002ರಲ್ಲಿ ಬಂದದ್ದು. ಇಲಾಖಾ ಪರೀಕ್ಷೆಯ ಪಾಲನ್ನು 2010ರಲ್ಲಿ ಶೇ 10ಕ್ಕೆ ಇಳಿಸಿದ್ದರು, 2025ರ ಮೇ ತೀರ್ಪು ಮತ್ತೆ 25ಕ್ಕೆ ಏರಿಸಿತು. ಹಿರಿಯ ಸಿವಿಲ್ ನ್ಯಾಯಾಧೀಶರಾಗಿ ಮೂರು ವರ್ಷ, ಒಟ್ಟು ಸೇವೆ ಏಳು ವರ್ಷ ಆಗಿದ್ದರೆ ಈ ಪರೀಕ್ಷೆ ಬರೆಯಬಹುದು. ಸಾಮರ್ಥ್ಯವಿದ್ದೂ ಸರದಿಯಲ್ಲಿ ಕಾಯುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇತ್ತೀಚೆಗೆ ಬಂದಿಲ್ಲ.

ನೇರ ನೇಮಕಾತಿ ಮೊದಲು ಏಳು ವರ್ಷ ವಕೀಲಿಕೆ ಮಾಡಿದವರಿಗೆ ಮಾತ್ರ ಇತ್ತು. ಸಿವಿಲ್ ನ್ಯಾಯಾಧೀಶರಾಗಿ ಸೇರಿದವರು ಅರ್ಜಿ ಹಾಕುವಂತಿರಲಿಲ್ಲ. ಹೊರಗೇ ಉಳಿದ ಸಹಪಾಠಿ ಏಳೆಂಟು ವರ್ಷದ ನಂತರ ತಮ್ಮ ಮೇಲೆ ಜಿಲ್ಲಾ ನ್ಯಾಯಾಧೀಶರಾಗಿ ಬಂದು ಕೂತರೂ ನೋಡುತ್ತಿರಬೇಕಿತ್ತು. 2025ರ ಅಕ್ಟೋಬರ್ 9ರಂದು ಸಂವಿಧಾನ ಪೀಠ ಈ ತಡೆಯನ್ನು ತೆಗೆಯಿತು. ವಕೀಲಿಕೆ ಮತ್ತು ನ್ಯಾಯಾಂಗ ಸೇವೆ ಎರಡೂ ಸೇರಿ ಏಳು ವರ್ಷವಾಗಿದ್ದರೆ ಅರ್ಹತೆ, ಕನಿಷ್ಠ ವಯಸ್ಸು ಎಲ್ಲರಿಗೂ 35. ಅದೇ ವರ್ಷದ ನವೆಂಬರ್ 19ರ ಇನ್ನೊಂದು ತೀರ್ಪು ಜ್ಯೇಷ್ಠತೆಗೆ ನಾಲ್ಕು ಬಿಂದುಗಳ ವಾರ್ಷಿಕ ಸರದಿಯನ್ನು ಹಾಕಿಕೊಟ್ಟಿದೆ: ಇಬ್ಬರು ಸಾಮಾನ್ಯ ಬಡ್ತಿಯವರು, ಒಬ್ಬರು ಇಲಾಖಾ ಪರೀಕ್ಷೆಯವರು, ಒಬ್ಬರು ನೇರ ನೇಮಕಾತಿಯವರು, ಹೀಗೇ ಮುಂದೆ. ಕೆಳ ವೃಂದದಲ್ಲಿ ಹೆಚ್ಚು ವರ್ಷ ದುಡಿದದ್ದಕ್ಕೆ ಈ ಪಟ್ಟಿಯಲ್ಲಿ ಪ್ರತ್ಯೇಕ ತೂಕವಿಲ್ಲ.

ಜಿಲ್ಲಾ ನ್ಯಾಯಾಧೀಶರ ಮೂಲವೇತನ 1,44,840ರಿಂದ ಆರಂಭ. ಕೊಲೆ, ಅತ್ಯಾಚಾರದಂಥ ಸತ್ರ ಪ್ರಕರಣಗಳು, ಪೋಕ್ಸೊ, ಲೋಕಾಯುಕ್ತ, ಮಾದಕವಸ್ತು ಪ್ರಕರಣಗಳ ವಿಶೇಷ ನ್ಯಾಯಾಲಯಗಳು, ಕೌಟುಂಬಿಕ ನ್ಯಾಯಾಲಯದ ಪ್ರಧಾನ ನ್ಯಾಯಾಧೀಶ ಹುದ್ದೆ, ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಎಲ್ಲವೂ ಈ ವೃಂದಕ್ಕೆ ಸೇರಿದವು. ಮರಣದಂಡನೆ ವಿಧಿಸುವ ಅಧಿಕಾರವೂ ಇದೆ, ಆದರೆ ಹೈಕೋರ್ಟ್ ಖಾಯಂಗೊಳಿಸುವವರೆಗೆ ಅದು ಜಾರಿಯಾಗುವುದಿಲ್ಲ. ಪ್ರಧಾನ ಜಿಲ್ಲಾ ನ್ಯಾಯಾಧೀಶರಾದವರಿಗೆ ಇಡೀ ಜಿಲ್ಲೆಯ ಆಡಳಿತ: ಪ್ರಕರಣಗಳ ಹಂಚಿಕೆ, ಸಿಬ್ಬಂದಿ, ಕಟ್ಟಡ, ತಾಲ್ಲೂಕು ಕೋರ್ಟುಗಳ ತಪಾಸಣೆ, ಲೋಕ ಅದಾಲತ್. ಅದರ ನಡುವೆ ಸ್ವಂತ ಪೀಠದ ತೀರ್ಪುಗಳನ್ನೂ ಬರೆಯಬೇಕು.

ಹೈಕೋರ್ಟಿಗೆ

ಕರ್ನಾಟಕ ಹೈಕೋರ್ಟಿನ ಮಂಜೂರಾದ ನ್ಯಾಯಮೂರ್ತಿ ಸ್ಥಾನ 62. ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಜಿಲ್ಲಾ ನ್ಯಾಯಾಂಗದಿಂದ ಬಂದವರಿಗೆ ಎಂಬುದು ರೂಢಿ, ಉಳಿದದ್ದು ವಕೀಲರಿಂದ. ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಹೆಸರು ಸೂಚಿಸುತ್ತದೆ. ಸರ್ಕಾರಗಳ ಅಭಿಪ್ರಾಯ, ಸುಪ್ರೀಂ ಕೋರ್ಟ್ ಕೊಲಿಜಿಯಂ ದಾಟಿ ರಾಷ್ಟ್ರಪತಿಗಳ ಆದೇಶ ಬರಬೇಕು.

ವಯಸ್ಸಿನ ಲೆಕ್ಕ ಗಟ್ಟಿಯಾಗಿ ತಾಗುವುದು ಇಲ್ಲಿ. ಜಿಲ್ಲಾ ನ್ಯಾಯಾಂಗದಲ್ಲಿ ನಿವೃತ್ತಿ 60ಕ್ಕೆ, ಹೈಕೋರ್ಟಿನಲ್ಲಿ 62ಕ್ಕೆ. ಒಬ್ಬರು 33ಕ್ಕೆ ಸಿವಿಲ್ ನ್ಯಾಯಾಧೀಶರಾಗಿ, ಸಾಮಾನ್ಯ ಬಡ್ತಿಯ ಸರದಿಯಲ್ಲೇ 50ರ ಹೊತ್ತಿಗೆ ಜಿಲ್ಲಾ ನ್ಯಾಯಾಧೀಶರಾದರೆ, ಅವರ ಮೇಲಿನ ಜ್ಯೇಷ್ಠತಾ ಪಟ್ಟಿ ಕರಗುವಷ್ಟರಲ್ಲಿ 58 ಆಗಿರುತ್ತದೆ. ಹೈಕೋರ್ಟ್ ಸಿಕ್ಕರೂ ನಾಲ್ಕು ವರ್ಷ. ವಕೀಲರಾಗಿದ್ದು 48ಕ್ಕೆ ಬಂದವರಿಗೆ ಅಲ್ಲಿ 14 ವರ್ಷ. ಮುಖ್ಯ ನ್ಯಾಯಮೂರ್ತಿ ಸ್ಥಾನ, ಸುಪ್ರೀಂ ಕೋರ್ಟ್ ಎರಡೂ ಹೈಕೋರ್ಟಿನ ಜ್ಯೇಷ್ಠತೆಯನ್ನು ನೆಚ್ಚಿಕೊಂಡಿರುವುದರಿಂದ ಕೆಳಗಿನಿಂದ ಬಂದವರು ಅಲ್ಲಿಗೆ ಮುಟ್ಟುವುದು ಅಪರೂಪ. ಪ್ರತಿಭೆಯ ಕೊರತೆಯೆಂದು ಇದನ್ನು ಓದುವುದು ಅನ್ಯಾಯ.

ಮುಟ್ಟಿದವರೂ ಇದ್ದಾರೆ. ಕೇರಳದ ಎಂ. ಫಾತಿಮಾ ಬೀವಿ 1958ರಲ್ಲಿ ಮುನ್ಸಿಫ್ ಆದರು. 1968ರಲ್ಲಿ ಸಬಾರ್ಡಿನೇಟ್ ಜಡ್ಜ್, 1972ರಲ್ಲಿ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್, 1974ರಲ್ಲಿ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶೆ, 1983ರಲ್ಲಿ ಹೈಕೋರ್ಟ್. 1989ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. ಮೊದಲ ಬಡ್ತಿಗೆ ಹತ್ತು ವರ್ಷ ಕಾದರೂ ಅವರಿಗೆ ದಾರಿ ತೆರೆದದ್ದು ಸೇವೆಗೆ ಸೇರಿದಾಗ ಇನ್ನೂ 31 ವರ್ಷವಾಗಿದ್ದರಿಂದ, 47ರ ಆಸುಪಾಸಿನಲ್ಲೇ ಜಿಲ್ಲಾ ನ್ಯಾಯಾಧೀಶೆಯಾಗಿದ್ದರಿಂದ.

ಇಂದು ಸೇವೆಯಲ್ಲಿರುವವರು ಮಾಡಬಹುದಾದ ಕೆಲಸಗಳಿವೆ. ಇಲಾಖಾ ಪರೀಕ್ಷೆಗೆ ಅರ್ಹತೆ ಬಂದ ವರ್ಷವೇ ಬರೆಯಿರಿ, ಒಂದು ವರ್ಷ ತಡವಾದರೆ ಆ ವರ್ಷದ ಸರದಿಯ ಸ್ಥಾನ ಬೇರೆಯವರಿಗೆ ಹೋಗುತ್ತದೆ. ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಪ್ರಕಟವಾದಾಗ ಆಕ್ಷೇಪಣೆಗೆ ಕೊಟ್ಟ ಗಡುವಿನೊಳಗೆ ತಕರಾರು ಸಲ್ಲಿಸಿ, ಹತ್ತು ವರ್ಷ ಬಿಟ್ಟು ರಿಟ್ ಹಾಕಿದರೆ ವಿಳಂಬದ ಕಾರಣಕ್ಕೇ ವಜಾ ಆಗುವುದು ಹೆಚ್ಚು. ವಾರ್ಷಿಕ ಗೋಪ್ಯ ವರದಿಯಲ್ಲಿನ ಪ್ರತಿಕೂಲ ಷರಾ ತಿಳಿಸಿದಾಗ ಲಿಖಿತ ಮನವಿ ಕೊಡಿ, ಸುಮ್ಮನಿದ್ದರೆ ಅದು ಕಡತದಲ್ಲಿ ಹಾಗೇ ಉಳಿಯುತ್ತದೆ. ಉತ್ತಮ ತೀರ್ಪುಗಳ ಪ್ರತಿಗಳನ್ನು, ಮೇಲ್ಮನವಿಯಲ್ಲಿ ಎತ್ತಿಹಿಡಿದವನ್ನು ಗುರುತು ಹಾಕಿ, ಸ್ವಂತಕ್ಕೆ ಇಟ್ಟುಕೊಳ್ಳಿ, ಪರಿಶೀಲನೆಗೆ ಕೇಳಿದಾಗ ಹಳೆಯ ಕೋರ್ಟಿನ ದಾಖಲೆ ಕೋಣೆಯಿಂದ ತರಿಸುವಷ್ಟು ಸಮಯ ಇರುವುದಿಲ್ಲ. 60ಕ್ಕೆ ಜಿಲ್ಲಾ ನ್ಯಾಯಾಧೀಶರಾಗಿಯೇ ನಿವೃತ್ತರಾದವರಿಗೆ ಜಿಲ್ಲಾ ಗ್ರಾಹಕರ ಆಯೋಗದ ಅಧ್ಯಕ್ಷತೆ, ಮಧ್ಯಸ್ಥಿಕೆಯಂಥ ಕೆಲಸಗಳಿಗೆ ಅರ್ಹತೆ ಇರುತ್ತದೆ. ಅವಕ್ಕೂ ಪ್ರತ್ಯೇಕ ಅಧಿಸೂಚನೆ, ಪ್ರತ್ಯೇಕ ಅರ್ಜಿ.